ಗಟ್ಟಿ ಮನಸ್ಸೆಂಬ ಮೂಢನಂಬಿಕೆ

ಮನೆಯಲ್ಲೊಬ್ಬರು ಕುಡಿತಕ್ಕೆ ಬಿದ್ದರೆ ಕರ್ನಾಟಕದ ಕುಟುಂಬಗಳು ಮಾಡುವ ಪ್ರಯತ್ನಗಳಿಗೆ ಒಂದು ಕ್ರಮವೇ ಇದೆ. ಮೊದಲು ಬುದ್ಧಿವಾದ. ಆಮೇಲೆ ಅಳು, ಜಗಳ, ಮಾತು ಬಿಡುವುದು. ಅದೂ ಫಲಿಸದಿದ್ದರೆ ದೇವರು: ಧರ್ಮಸ್ಥಳಕ್ಕೋ ಊರಮ್ಮನ ಗುಡಿಗೋ ಕರೆದೊಯ್ದು ಆಣೆ ಹಾಕಿಸುವುದು, ಮಗುವಿನ ತಲೆ ಮುಟ್ಟಿಸಿ ಭಾಷೆ ತೆಗೆದುಕೊಳ್ಳುವುದು. ಹುಡುಗನಿಗೆ ಇನ್ನೂ ಮದುವೆಯಾಗಿಲ್ಲವೆಂದರೆ ‘ಒಂದು ಹೆಣ್ಣು ಕಟ್ಟಿ, ಜವಾಬ್ದಾರಿ ಬಂದರೆ ತಾನೇ ಸರಿಹೋಗ್ತಾನೆ’ ಎಂಬ ಹಿರಿಯರ ಸಲಹೆ. ಹೆತ್ತವರ ಕೈಲಾಗದ್ದನ್ನು ಮಾಡುವ ಹೊಣೆ ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣುಮಗಳ ತಲೆಗೆ. ಆಣೆ ಮುರಿದ ಮೇಲೆ ಸಾರಿನಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸುವ ಪುಡಿ. ಅಲ್ಲಿಗೂ ಮುಗಿಯದಿದ್ದರೆ ‘ಅವನು ಉದ್ಧಾರ ಆಗೋದಿಲ್ಲ ಬಿಡಿ’ ಎಂಬ ತೀರ್ಪು.

ಇಷ್ಟೂ ಪ್ರಯತ್ನಗಳ ಬುಡದಲ್ಲಿರುವ ನಂಬಿಕೆ ಒಂದೇ. ಕುಡಿಯುವವನಿಗೆ ಮನಸ್ಸು ಗಟ್ಟಿಯಿಲ್ಲ. ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದು. ಬಿಡುತ್ತಿಲ್ಲವೆಂದರೆ ಹೆಂಡತಿ ಮಕ್ಕಳ ಮೇಲೆ ಪ್ರೀತಿಯಿಲ್ಲ, ಮಾನವಿಲ್ಲ. ಓದಿದವರೂ ಓದದವರೂ ಹಳ್ಳಿಯವರೂ ನಗರದವರೂ ಇದನ್ನು ಒಂದೇ ದನಿಯಲ್ಲಿ ಹೇಳುತ್ತಾರೆ. ಕುಡಿಯುವವನೂ ಇದನ್ನೇ ನಂಬಿರುತ್ತಾನೆ. ಈ ನಂಬಿಕೆ ತಪ್ಪು, ಮತ್ತು ಅದು ಜೀವಗಳನ್ನು ತೆಗೆಯುತ್ತಿದೆ.

ದೇಹ ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡಬೇಕು. ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನ ವೇಗವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ವೇಗಕ್ಕೆ ತಡೆಯಿಲ್ಲ. ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇನ್ನು ಕೆಲವರಿಗೆ ಸನ್ನಿ ಹಿಡಿಯುತ್ತದೆ: ಇಲ್ಲದ ಹುಳ ಹುಪ್ಪಟೆ ಕಾಣುತ್ತವೆ, ಯಾರೋ ಕೊಲ್ಲಲು ಬಂದಂತೆ ಕಿರುಚುತ್ತಾರೆ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಹಳ್ಳಿಗಳಲ್ಲಿ ಇದಕ್ಕೆ ದೆವ್ವ ಹಿಡಿಯಿತೆಂದು ಹೆಸರಿಟ್ಟು ಮಂತ್ರವಾದಿಯ ಬಳಿಗೆ ಹೊತ್ತೊಯ್ದದ್ದೂ ಉಂಟು. ಅಂದರೆ ಗುಡಿಯಲ್ಲಿ ಆಣೆ ಮಾಡಿ, ಆ ಆಣೆಯನ್ನು ಪ್ರಾಮಾಣಿಕವಾಗಿ ಪಾಲಿಸಿ, ಮನೆಯ ಮೂಲೆಯಲ್ಲಿ ಹಲ್ಲುಕಚ್ಚಿ ಕೂತವನೇ ಹೆಚ್ಚು ಅಪಾಯದಲ್ಲಿರುತ್ತಾನೆ.

2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಇದನ್ನು ಇಡೀ ನಾಡಿಗೆ ತೋರಿಸಿತು. ಮಾರ್ಚ್ 25ರಿಂದ ಬಾರುಗಳೂ ವೈನ್ ಶಾಪುಗಳೂ ಮುಚ್ಚಿದವು. ಗಟ್ಟಿ ಮನಸ್ಸಿನ ಸಿದ್ಧಾಂತ ನಿಜವಾಗಿದ್ದರೆ ಲಕ್ಷಾಂತರ ಕುಡುಕರು ಬೇರೆ ದಾರಿಯಿಲ್ಲದೆ ನೆಟ್ಟಗಾಗಬೇಕಿತ್ತು. ಆದದ್ದೇ ಬೇರೆ. ಬೆಂಗಳೂರಿನ ಆಸ್ಪತ್ರೆಗಳಿಗೆ ಕುಡಿತ ನಿಂತಾಗ ಕಾಣುವ ತೀವ್ರ ಸ್ವರೂಪದ ವಿರಮಣ ಲಕ್ಷಣಗಳೊಂದಿಗೆ ಬರುವವರ ಸಂಖ್ಯೆ ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದರು. ಕೇರಳದಲ್ಲಿ ಆತ್ಮಹತ್ಯೆಗಳ ವರದಿಗಳಿಂದ ಕಂಗೆಟ್ಟ ಸರ್ಕಾರ ವೈದ್ಯರ ಚೀಟಿಯಿದ್ದವರಿಗೆ ಮದ್ಯ ಕೊಡುವ ಆದೇಶವನ್ನೇ ಹೊರಡಿಸಿತು. ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆ ವಾರಗಳಲ್ಲಿ ಆಸ್ಪತ್ರೆ ಸೇರಿದವರಿಗೆ ಇಚ್ಛಾಶಕ್ತಿಯ ಪಾಠ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಔಷಧಿ, ಥಯಾಮಿನ್ ಎಂಬ ವಿಟಮಿನ್, ಹಾಸಿಗೆ, ಪಕ್ಕದಲ್ಲೊಬ್ಬ ನರ್ಸ್. ಸಕ್ಕರೆ ಕಾಯಿಲೆಯವನನ್ನು ದೇವರ ಮುಂದೆ ನಿಲ್ಲಿಸಿ ‘ಇನ್ನು ಮೇಲೆ ಸಕ್ಕರೆ ಏರಿಸಿಕೊಳ್ಳುವುದಿಲ್ಲ’ ಎಂದು ಯಾರೂ ಆಣೆ ಹಾಕಿಸುವುದಿಲ್ಲ. ಅಮೆರಿಕದ ವೈದ್ಯರ ಸಂಘ 1956ರಲ್ಲೇ ಮದ್ಯವ್ಯಸನವನ್ನು ಕಾಯಿಲೆಯೆಂದು ಒಪ್ಪಿತು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಒಪ್ಪದೆ ಉಳಿದಿರುವುದು ನೆಂಟರಿಷ್ಟರ ಪಂಚಾಯಿತಿ ಮಾತ್ರ.

ಗುಟ್ಟಿನ ಪುಡಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಡೈಸಲ್ಫಿರಾಮ್ ಎಂಬ ಮಾತ್ರೆ ಕುಡಿತದ ಚಿಕಿತ್ಸೆಗೆ ಬಂದದ್ದು 1948ರ ಸುಮಾರಿಗೆ, ಡೆನ್ಮಾರ್ಕಿನ ಸಂಶೋಧಕರಿಂದ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ರೋಗಿ ತಿಳಿದು, ಒಪ್ಪಿ, ವೈದ್ಯರ ನಿಗಾದಲ್ಲಿ ನುಂಗಿದರೆ ಅದು ಉಪಯೋಗಿ. ತಿಳಿಸದೆ ಬೆರೆಸಿದರೆ ಹೃದಯ ದುರ್ಬಲವಾದವನ ಪ್ರಾಣವೇ ಹೋಗಬಹುದು. ಪೋಸ್ಟರುಗಳಲ್ಲಿ ‘ಕುಡುಕನಿಗೆ ತಿಳಿಯದಂತೆ ಬಿಡಿಸುತ್ತೇವೆ’ ಎನ್ನುವವರು ಮಾರುವ ಪುಡಿಗಳಲ್ಲಿ ಏನಿದೆಯೆಂಬುದು ಕೊಂಡವರಿಗೆ ಗೊತ್ತಿರುವುದಿಲ್ಲ. ಬೇಸತ್ತ ಹೆಂಗಸೊಬ್ಬಳು ಇಂಥ ಪುಡಿ ಕೊಂಡರೆ ಅವಳನ್ನು ದೂರುವಂತಿಲ್ಲ. ಅವಳಿಗೆ ಬೇರೆ ದಾರಿ ತೋರಿಸದ ಸಮಾಜವನ್ನು ದೂರಬೇಕು.

ಬೇರೆ ದಾರಿ ಇದೆ. ಅದು ಕರ್ನಾಟಕದಲ್ಲೂ ಇದೆ, ದಶಕಗಳಿಂದ ಇದೆ, ಅದಕ್ಕೆ ಶುಲ್ಕವೂ ಇಲ್ಲ. ಅದು ಯಾವುದೆಂದು ತಿಳಿಯಲು 1935ರ ಅಮೆರಿಕಕ್ಕೆ, ಒಹಾಯೊ ರಾಜ್ಯದ ಆಕ್ರನ್ ಎಂಬ ಊರಿಗೆ ಹೋಗಬೇಕು. ಅಲ್ಲಿ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯನಿದ್ದ. ಕುಡಿತ ದೇಹಕ್ಕೆ ಏನು ಮಾಡುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಹೆಚ್ಚಿರಲಿಲ್ಲ. ಹೆಂಡತಿ ಒಳ್ಳೆಯವಳು, ಮಕ್ಕಳಿದ್ದರು, ದೈವಭಕ್ತಿಯ ಗುಂಪೊಂದಕ್ಕೆ ಎರಡು ವರ್ಷಕ್ಕೂ ಮಿಕ್ಕಿ ಹೋಗುತ್ತಿದ್ದ. ಭಾಷೆ ಕೊಟ್ಟು ಮುರಿದದ್ದಕ್ಕೆ ಲೆಕ್ಕವಿರಲಿಲ್ಲ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು. ಆ ಹದಿಮೂರು ವರ್ಷವೂ ಅವನು ಕುಡಿದ. ವೈದ್ಯರಿಗೆ ಔಷಧಿಯ ಲೆಕ್ಕದಲ್ಲಿ ಸಿಗುತ್ತಿದ್ದ ಆಲ್ಕೊಹಾಲಿತ್ತು, ಕಳ್ಳಭಟ್ಟಿಯವರಿದ್ದರು. ಜ್ಞಾನ, ಭಕ್ತಿ, ಸಂಸಾರ, ಕಾನೂನು ಎಲ್ಲ ಒಟ್ಟಿಗೆ ಇದ್ದೂ ಅವನ ಕುಡಿತ ನಿಲ್ಲಲಿಲ್ಲ. ಗಟ್ಟಿ ಮನಸ್ಸಿನ ವಾದಿಗಳು ಉತ್ತರಿಸಬೇಕಾದ ಪ್ರಶ್ನೆ ಇದು: ಕತ್ತಿ ಹಿಡಿದು ಶಸ್ತ್ರಚಿಕಿತ್ಸೆ ಮಾಡುವವನ ಮನಸ್ಸು ಸಡಿಲವಾಗಿತ್ತೇ?

ಅದೇ ವರ್ಷದ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರದವನು ಆಕ್ರನ್ನಿಗೆ ಬಂದ. ಕುಡಿದು ಕುಡಿದು ಬದುಕನ್ನೇ ಕಳೆದುಕೊಂಡು, ನಾಲ್ಕೈದು ತಿಂಗಳ ಹಿಂದಷ್ಟೇ ಬಿಟ್ಟಿದ್ದ. ಬಂದ ವ್ಯವಹಾರ ಕೆಟ್ಟಿತು. ತಂಗಿದ್ದ ಮೇಫ್ಲವರ್ ಹೋಟೆಲಿನ ಒಂದು ಬದಿಗೆ ಬಾರು, ಇನ್ನೊಂದು ಬದಿಗೆ ಟೆಲಿಫೋನು. ಬಾರಿನತ್ತ ಹೆಜ್ಜೆ ಹಾಕುವ ಬದಲು ಅವನು ಊರಿನ ಪಾದ್ರಿಯೊಬ್ಬರಿಗೆ ಫೋನ್ ಮಾಡಿ ವಿಚಿತ್ರವಾದೊಂದು ಬೇಡಿಕೆಯಿಟ್ಟ: ಮಾತಾಡಲು ಒಬ್ಬ ಕುಡುಕ ಬೇಕು. ಅಲ್ಲಿಂದ ಅಲ್ಲಿಗೆ ಫೋನು ದಾಟಿ, ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆ ತಮ್ಮ ಮನೆಗೆ ಡಾಕ್ಟರ್ ಸ್ಮಿತ್‌ರನ್ನು ಕರೆಸಿದರು. ಕಾಲು ಗಂಟೆ ಕೂತು ಎದ್ದುಹೋಗುತ್ತೇನೆಂದು ಬಂದ ಡಾಕ್ಟರು ಆರು ಗಂಟೆ ಕೂತರು. ಬಿಲ್ ಡಾಕ್ಟರಿಗೆ ಬುದ್ಧಿ ಹೇಳಲಿಲ್ಲ. ತನಗಾದದ್ದನ್ನು ಹೇಳಿಕೊಂಡ. ತನ್ನ ಕಾಯಿಲೆಯನ್ನು ಒಳಗಿನಿಂದ ಬಲ್ಲ ಮನುಷ್ಯನ ಬಾಯಲ್ಲಿ ಆ ಕಾಯಿಲೆಯ ಮಾತನ್ನು ಅವರು ಕೇಳಿದ್ದು ಅದೇ ಮೊದಲು.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವೇ ವಾರಗಳಲ್ಲಿ ವೈದ್ಯರ ಸಮ್ಮೇಳನವೊಂದಕ್ಕೆ ಹೋದ ಸ್ಮಿತ್ ಮತ್ತೆ ಕುಡಿದು ಬಿದ್ದರು. ಬಿಲ್ ಬಿಟ್ಟುಹೋಗಲಿಲ್ಲ. ಅವರು ಶಸ್ತ್ರಚಿಕಿತ್ಸೆ ಮಾಡಬೇಕಿದ್ದ ದಿನ ಬೆಳಿಗ್ಗೆ ನಡುಗುವ ಕೈ ನಿಲ್ಲಲೆಂದು ಒಂದು ಬಾಟಲಿ ಬಿಯರನ್ನು ಅವನೇ ಕೊಟ್ಟ. 1935ರ ಜೂನ್ 10ರ ಆ ಬಿಯರೇ ಡಾಕ್ಟರ್ ಸ್ಮಿತ್ ಕುಡಿದ ಕೊನೆಯ ಮದ್ಯ. 1950ರಲ್ಲಿ ತೀರಿಕೊಳ್ಳುವವರೆಗೆ ಅವರು ಮತ್ತೆ ಮುಟ್ಟಲಿಲ್ಲ. ಆ ದಿನವನ್ನೇ, ಕುಡಿತ ಬಿಟ್ಟವರು ಹೀಗೆ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಹುಟ್ಟುದಿನವೆಂದು ಎಣಿಸುತ್ತಾರೆ. ಇಂಡಿಯಾದಲ್ಲಿ ಅದು ಶುರುವಾದದ್ದು 1957ರಲ್ಲಿ, ದೆಹಲಿಗೆ ಬಂದ ಕೆನಡಾದ ಸದಸ್ಯನೊಬ್ಬನಿಂದ. ಇಲ್ಲಿ ಎಲ್ಲರೂ ಕರೆಯುವ ಹೆಸರು ಎಎ. ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ಮೈಸೂರಿನಲ್ಲಿ ಅದರ ಸಭೆಗಳು ನಡೆಯುತ್ತವೆ. ಇಂಗ್ಲಿಷಿನಲ್ಲಿ ಮಾತ್ರವಲ್ಲ, ಕನ್ನಡದಲ್ಲೂ.

ಆದರೂ ಎಷ್ಟು ಮನೆಗಳಿಗೆ ಇದು ಗೊತ್ತು? ಏಮ್ಸ್ ನಡೆಸಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ ಮದ್ಯಕ್ಕೆ ಪೂರ್ತಿ ಅಂಟಿಕೊಂಡವರು ಸುಮಾರು 2.9 ಕೋಟಿ. ಹಾಗೆ ಅಂಟಿಕೊಂಡ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಉಳಿದ 37 ಜನ ಎಲ್ಲಿದ್ದಾರೆ? ಆಣೆ ಮಾಡುತ್ತ, ಮುರಿಯುತ್ತ, ಪ್ರತಿ ಸಲ ಮುರಿದಾಗಲೂ ತಾವು ಮನುಷ್ಯರೇ ಅಲ್ಲವೆಂದು ಇನ್ನಷ್ಟು ನಂಬುತ್ತ, ಆ ನೋವನ್ನು ಮರೆಯಲು ಇನ್ನೊಂದು ಕ್ವಾರ್ಟರ್ ಕೊಳ್ಳುತ್ತ ಇದ್ದಾರೆ.

ಇಲ್ಲಿ ನಮ್ಮ ಸಮಾಜದ ತರ್ಕದೊಳಗೇ ಒಂದು ಬಿರುಕು ಕಾಣುತ್ತದೆ. ಹುಡುಗ ಕುಡಿಯಲು ಕಲಿತಾಗ ಎಲ್ಲರೂ ಹೇಳುವ ಕಾರಣ ‘ಸಹವಾಸ ದೋಷ’. ಆ ಗೆಳೆಯರ ಗುಂಪು, ಆ ಆಫೀಸಿನವರು, ಆ ಗ್ಯಾರೇಜಿನ ಹುಡುಗರು ಅವನನ್ನು ಕೆಡಿಸಿದರು. ಕೆಡಲು ಸಹವಾಸ ಬೇಕೆಂದು ಒಪ್ಪುವವರು ಸರಿಹೋಗುವ ಮಾತು ಬಂದಾಗ ‘ನೀನೊಬ್ಬನೇ ನಿನ್ನ ಮನಸ್ಸನ್ನು ಗಟ್ಟಿ ಮಾಡಿಕೋ’ ಎನ್ನುತ್ತಾರೆ. ಕುಡಿಯುವವನಿಗೆ ಸಂಜೆ ಆರು ಗಂಟೆಗೆ ಹೋಗಲು ಒಂದು ಜಾಗವಿತ್ತು, ಹೆಸರು ಹಿಡಿದು ಕರೆಯುವವರಿದ್ದರು, ಅವನ ಗೋಳು ಕೇಳುವ ಕಿವಿಗಳಿದ್ದವು. ಅದಷ್ಟನ್ನೂ ಕಿತ್ತುಕೊಂಡು ಟಿವಿ ಮುಂದೆ ಕೂರಿಸಿ, ಅವನ ಜೇಬನ್ನೂ ಉಸಿರನ್ನೂ ಪರೀಕ್ಷಿಸುತ್ತಿದ್ದರೆ ಎಷ್ಟು ದಿನ ಕೂತಾನು? ಅವನಿಗೆ ಅದೇ ಆರು ಗಂಟೆಗೆ ಹೋಗಲು ಬೇರೊಂದು ಜಾಗ ಬೇಕು.

ಆ ಜಾಗ ಹೇಗಿರುತ್ತದೆಂದು ತಿಳಿಯದೆಯೇ ಜನ ಅದಕ್ಕೆ ಹೆದರುತ್ತಾರೆ. ಸಾಮಾನ್ಯವಾಗಿ ಅದೊಂದು ಶಾಲೆಯ ಕೋಣೆ, ಚರ್ಚಿನ ಹಾಲ್ ಅಥವಾ ಆಸ್ಪತ್ರೆಯ ಒಂದು ಕೊಠಡಿ. ಪ್ಲಾಸ್ಟಿಕ್ ಕುರ್ಚಿಗಳು, ಚಹಾ, ಕುಡಿತದಿಂದ ಹೊರಬರಲು ಎಎ ಹಾಕಿಕೊಂಡ ಹನ್ನೆರಡು ಹೆಜ್ಜೆಗಳ ಪಟ್ಟಿ ಗೋಡೆಯ ಮೇಲೆ. ಬಾಗಿಲಲ್ಲಿ ರಿಜಿಸ್ಟರಿಲ್ಲ, ಅರ್ಜಿಯಿಲ್ಲ, ಆಧಾರ್ ಕೇಳುವವರಿಲ್ಲ. ಮೊದಲ ಹೆಸರಷ್ಟೇ ಸಾಕು. ಜಾತಿ, ಹುದ್ದೆ ಯಾರಿಗೂ ಬೇಡ. ಒಬ್ಬರು ಎದ್ದು ತಮ್ಮ ಹೆಸರು ಹೇಳಿ ‘ನಾನೊಬ್ಬ ಆಲ್ಕೊಹಾಲಿಕ್’ ಎನ್ನುತ್ತಾರೆ; ಉಳಿದವರು ಆ ಹೆಸರು ಹಿಡಿದು ಸ್ವಾಗತಿಸುತ್ತಾರೆ. ಹೇಗೆ ಕುಡಿಯುತ್ತಿದ್ದೆ, ಏನಾಯಿತು, ಈಗ ಹೇಗಿದ್ದೇನೆ ಎಂದು ಹೇಳಿಕೊಳ್ಳುತ್ತಾರೆ. ಇದಕ್ಕೆ ಅಲ್ಲಿ ‘ಷೇರಿಂಗ್’ ಎನ್ನುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಹೊಸಬರು ‘ಇವತ್ತು ಸುಮ್ಮನೆ ಕೇಳಿಸಿಕೊಳ್ತೀನಿ’ ಎಂದರೆ ಒತ್ತಾಯವಿಲ್ಲ. ಗಂಟೆ, ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಖರ್ಚಿಗೆಂದು ಒಂದು ಚೀಲ ಕೈಯಿಂದ ಕೈಗೆ ಹೋಗುತ್ತದೆ, ಹಾಕಲೇಬೇಕೆಂದಿಲ್ಲ. ಹೊರಗಿನವರ ದೇಣಿಗೆಯನ್ನು ಎಎ ಯಾರು ಕೊಟ್ಟರೂ ಮುಟ್ಟುವುದಿಲ್ಲ.

ಮುಖ್ಯವಾದ ಮಾತೆಂದರೆ, ಅಲ್ಲಿ ಯಾರೂ ಜೀವಮಾನದ ಆಣೆ ಕೇಳುವುದಿಲ್ಲ. ‘ಇವತ್ತು ಒಂದು ದಿನ ಮೊದಲ ಗ್ಲಾಸ್ ಮುಟ್ಟಬೇಡಿ, ನಾಳೆಯದು ನಾಳೆ’ ಎಂಬುದಷ್ಟೇ ಕೇಳಿಕೆ. ಇಪ್ಪತ್ತು ವರ್ಷ ಕುಡಿದವನಿಗೆ ‘ಇನ್ನು ಸಾಯುವವರೆಗೆ ಕುಡಿಯುವುದಿಲ್ಲ’ ಎಂಬ ಮಾತು ಹೊರಲಾರದ ಭಾರ. ಮಲಗುವವರೆಗೆ ಕುಡಿಯದಿರುವುದು ಆದೀತು. ರಾತ್ರಿ ಹನ್ನೊಂದಕ್ಕೆ ಕೈ ತಡವರಿಸಿದರೆ ಫೋನ್ ಮಾಡಲು ‘ಸ್ಪಾನ್ಸರ್’ ಎಂಬ ಹಳೆಯ ಸದಸ್ಯನಿರುತ್ತಾನೆ. ಗುಡಿಯಲ್ಲಿ ಆಣೆ ಮುರಿದವನು ದೇವರಿಗೂ ಮುಖ ತೋರಿಸಲಾರದೆ ತಪ್ಪಿಸಿಕೊಂಡು ಓಡಾಡುತ್ತಾನೆ. ಸಭೆಯಲ್ಲಿ ‘ಸ್ಲಿಪ್’ ಆದವನು ಮರುದಿನವೇ ಬಂದು ಕೂರಬಹುದು. ಕುರ್ಚಿ ಖಾಲಿಯಿರುತ್ತದೆ, ಮತ್ತೆ ಒಂದನೇ ದಿನದಿಂದ ಎಣಿಕೆ. ಎಂದಾದರೊಮ್ಮೆ ಜಾರುವುದು ಈ ಕಾಯಿಲೆಯ ಸ್ವಭಾವ. ಜಾರಿದವನನ್ನು ಆಣೆ ಹೊರಗೆ ನಿಲ್ಲಿಸುತ್ತದೆ, ಸಭೆ ಒಳಗೆ ಕರೆಯುತ್ತದೆ.

ಭಾವುಕತೆಯ ಮಾತಾಯಿತೆಂದು ಯಾರಾದರೂ ಅನ್ನಬಹುದು. ಪುರಾವೆಯೂ ಇದೆ. ವೈದ್ಯಕೀಯ ಅಧ್ಯಯನಗಳನ್ನು ಜರಡಿ ಹಿಡಿಯುವ ಕಾಕ್ರನ್ ಸಂಸ್ಥೆ 2006ರಲ್ಲಿ ಎಎ ಬಗ್ಗೆ ಖಚಿತ ಪುರಾವೆ ಸಾಲದೆಂದು ಹೇಳಿತ್ತು. ಟೀಕಾಕಾರರು ಇವತ್ತಿಗೂ ಅದನ್ನೇ ಉದ್ಧರಿಸುತ್ತಾರೆ. 2020ರಲ್ಲಿ ಅದೇ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಅನುಭವವನ್ನು ಒಟ್ಟುಗೂಡಿಸಿ ಮತ್ತೆ ನೋಡಿತು. ರೋಗಿಗಳನ್ನು ಎಎ ಸಭೆಗಳಿಗೆ ವ್ಯವಸ್ಥಿತವಾಗಿ ಸೇರಿಸುವ ಕ್ರಮದಲ್ಲಿದ್ದವರಲ್ಲಿ ಒಂದು ವರ್ಷದ ನಂತರ ಪೂರ್ತಿ ಮದ್ಯದಿಂದ ದೂರವಿದ್ದವರು ನೂರಕ್ಕೆ 42. ಮನೋಚಿಕಿತ್ಸೆಯೇ ಮೊದಲಾದ ಇತರ ಕ್ರಮಗಳಲ್ಲಿ 35. ನೂರಕ್ಕೆ ನೂರಲ್ಲ, ನಿಜ. ಆದರೆ ಹೋಲಿಕೆ ನಡೆದದ್ದು ತರಬೇತಿ ಪಡೆದ ತಜ್ಞರು ಕೊಡುವ ಚಿಕಿತ್ಸೆಯ ಜೊತೆ. ಅದಕ್ಕೆ ಸರಿಮಿಗಿಲಾಗಿ ನಿಂತದ್ದು ಬಿಟ್ಟಿಯಾಗಿ ಸಿಗುವ, ಕುಡಿತ ಬಿಟ್ಟವರೇ ನಡೆಸುವ ಸಭೆ.

‘ಸೇರಿಸುವ’ ಎಂಬುದರ ಮೇಲೆ ಇಲ್ಲಿ ಒತ್ತು ಬೀಳಬೇಕು. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಗಾತ್ರದಲ್ಲಿ ತೀರಾ ಚಿಕ್ಕದು, ಇಪ್ಪತ್ತು ಜನರದ್ದು. ಹೇಳುವುದು ಮಾತ್ರ ದೊಡ್ಡದು. ಅರ್ಧ ಜನರಿಗೆ ಸಭೆಯ ಸ್ಥಳ, ಸಮಯ ಹೇಳಿ ಹೋಗಿರೆಂದು ತಿಳಿಸಲಾಯಿತು. ಉಳಿದರ್ಧ ಜನರಿಗೆ ಸಲಹೆಗಾರರ ಮುಂದೆಯೇ ಎಎ ಸದಸ್ಯರೊಬ್ಬರಿಗೆ ಫೋನ್ ಹಚ್ಚಿ ಮಾತಾಡಿಸಲಾಯಿತು. ಆ ಸದಸ್ಯರು ತಾವೇ ಕರೆದೊಯ್ಯುತ್ತೇವೆಂದರು, ಸಭೆಗೆ ಮುನ್ನ ನೆನಪಿಸಿದರು. ಎರಡನೆಯ ಗುಂಪಿನವರೆಲ್ಲ ಸಭೆಗೆ ಹೋದರು. ಮೊದಲನೆಯ ಗುಂಪಿನಿಂದ ಒಬ್ಬರೂ ಹೋಗಲಿಲ್ಲ. ‘ಹೇಳಿದೆವು, ಅವನೇ ಹೋಗಲಿಲ್ಲ, ಮನಸ್ಸಿಲ್ಲ ಅವನಿಗೆ’ ಎನ್ನುವವರು ಇದನ್ನು ಓದಬೇಕು. ಡಿಸ್ಚಾರ್ಜ್ ಚೀಟಿಯ ಕೆಳಗೆ ‘ಎಎಗೆ ಹೋಗಿ’ ಎಂದೊಂದು ಸಾಲು ಬರೆದು ಕೈತೊಳೆದುಕೊಳ್ಳುವ ವೈದ್ಯರೂ ಓದಬೇಕು.

ನಾಚಿಕೆಯ ವಿಷಯಕ್ಕೆ ಬಂದರೆ, ‘ಯಾರಾದರೂ ನೋಡಿಬಿಟ್ಟರೆ?’ ಎಂಬ ಪ್ರಶ್ನೆಯನ್ನು ಕುಡಿಯುವವನಿಗಿಂತ ಮನೆಯವರೇ ಹೆಚ್ಚು ಕೇಳುತ್ತಾರೆ. ಬಾರಿನ ಮುಂದೆ ಬೈಕು ನಿಲ್ಲಿಸಿದ್ದನ್ನು ಊರು ನೋಡಿದೆ. ಮದುವೆ ಮನೆಯಲ್ಲಿ ತೂರಾಡಿದ್ದನ್ನು ಬಂಧುಬಳಗವೆಲ್ಲ ನೋಡಿದೆ. ಬಿಡಲು ಹೊರಟ ದಿನ ಮಾತ್ರ ಮಾನದ ಯೋಚನೆ ಬರುತ್ತದೆ. ಇನ್ನು ಸಭೆಯೊಳಗೆ ಪರಿಚಯದವರು ಸಿಕ್ಕರೆ ಅವರೂ ಅದೇ ಕಾರಣಕ್ಕೆ ಬಂದವರು. ಹೆಂಗಸರ ಕಷ್ಟ ಇದಕ್ಕಿಂತ ದೊಡ್ಡದು. ಕುಡಿಯುವ ಗಂಡಸಿಗೆ ‘ಪಾಪ’ ಎನ್ನುವ ಸಮಾಜ ಕುಡಿಯುವ ಹೆಂಗಸಿಗೆ ಆ ಪದವನ್ನೂ ಕೊಡುವುದಿಲ್ಲ. ಬಹುತೇಕ ಗಂಡಸರೇ ತುಂಬಿರುವ ಕೋಣೆಗೆ ಅವಳು ಒಬ್ಬಳೇ ಕಾಲಿಡುವುದು ಸುಲಭವಲ್ಲ. ಲಾಕ್‌ಡೌನ್ ಕಾಲದಲ್ಲಿ ಹಬ್ಬಿದ ಆನ್‌ಲೈನ್ ಸಭೆಗಳು ಅವಳಿಗೂ, ದೂರದ ತಾಲ್ಲೂಕುಗಳವರಿಗೂ, ಹೊರದೇಶದಲ್ಲಿರುವ ಕನ್ನಡಿಗರಿಗೂ ಒಂದು ದಾರಿ ಮಾಡಿವೆ.

ಚರ್ಚಿನ ಹಾಲಿನಲ್ಲಿ ನಡೆಯುತ್ತದೆಂಬ ಕಾರಣಕ್ಕೆ ‘ಮತಾಂತರ ಮಾಡ್ತಾರೆ’ ಎಂಬ ಶಂಕೆಯೂ ಕೇಳಿಬರುತ್ತದೆ. ಎಎಯ ಬೇರು ಕ್ರೈಸ್ತ ಗುಂಪೊಂದರಲ್ಲಿದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹನ್ನೆರಡು ಹೆಜ್ಜೆಗಳನ್ನು ಬರೆಯುವಾಗಲೇ ನಾಸ್ತಿಕ ಸದಸ್ಯರು ಪಟ್ಟು ಹಿಡಿದು, ದೇವರೆಂದರೆ ಅವರವರು ಕಂಡುಕೊಂಡ ಅರ್ಥದ್ದು ಎಂದು ಸಡಿಲಿಸಿದರು. ಮಂಜುನಾಥನನ್ನೋ ಅಲ್ಲಾಹನನ್ನೋ ನೆನೆಯುವವರು, ಆ ಕೋಣೆಯ ಜನರೇ ತನಗಿಂತ ದೊಡ್ಡ ಶಕ್ತಿ ಎನ್ನುವವರು ಒಟ್ಟಿಗೆ ಕೂರುತ್ತಾರೆ. ಹಾಲ್ ಚರ್ಚಿನದಾಗಿರುವುದು ಬಾಡಿಗೆಗೆ ಕೊಡುವವರು ಅವರಾದ್ದರಿಂದ. ಊರಿನ ಕಲ್ಯಾಣಮಂಟಪ, ಸಮುದಾಯಭವನ, ಗ್ರಂಥಾಲಯಗಳು ವಾರಕ್ಕೊಂದು ಗಂಟೆ ಕೋಣೆ ಕೊಟ್ಟರೆ ಸಭೆ ಅಲ್ಲಿಯೂ ನಡೆದೀತು. ಹಾಗೆಂದು ಈ ಆಧ್ಯಾತ್ಮಿಕ ಭಾಷೆ ಒಗ್ಗದವರನ್ನು ಬಲವಂತವಾಗಿ ತಳ್ಳುವುದೂ ತಪ್ಪು. ಕೈದಿಯೊಬ್ಬನನ್ನು ಅಂಥ ಕಾರ್ಯಕ್ರಮಕ್ಕೆ ಒತ್ತಾಯಿಸುವಂತಿಲ್ಲವೆಂದು 1996ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಹೇಳಿದ್ದು ಸರಿಯಾದ ತೀರ್ಪು. ದೇವರ ಹಂಗಿಲ್ಲದ ಸ್ಮಾರ್ಟ್ ರಿಕವರಿಯಂಥ ಗುಂಪುಗಳು 1994ರಿಂದ ಇವೆ, ಅವುಗಳ ಸಭೆಗಳೂ ಆನ್‌ಲೈನಿನಲ್ಲಿ ಸಿಗುತ್ತವೆ. ವಾದ ಎಎ ಎಂಬ ಹೆಸರಿನ ಪರವಾಗಿಯಲ್ಲ. ಒಬ್ಬಂಟಿಯಾಗಿ ಬಿಡು ಎನ್ನುವುದರ ವಿರುದ್ಧ.

ಇದರ ಅತ್ಯುತ್ತಮ ಸಾಕ್ಷಿ ಕರ್ನಾಟಕದ ಒಳಗೇ ಇದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಊರೂರುಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತ ಬಂದಿವೆ. ಜನರ ಕಣ್ಣಿಗೆ ಬೀಳುವುದು ಕೊನೆಯ ದಿನದ ಸಮಾರಂಭ, ಶಾಲು, ಪ್ರಮಾಣವಚನ. ಆದರೆ ಅಲ್ಲಿ ಕೆಲಸ ಮಾಡಿದವರು ಒಂಬತ್ತನೆಯ ದಿನವೇ ನಿಜವಾದ ಪರೀಕ್ಷೆಯೆಂದು ಬಲ್ಲರು. ಅದಕ್ಕೇ ಶಿಬಿರ ಮುಗಿಸಿದವರನ್ನು ಒಟ್ಟುಗೂಡಿಸಿ ನವಜೀವನ ಸಮಿತಿಗಳನ್ನು ಕಟ್ಟಿದರು. ಕುಡಿತ ಬಿಟ್ಟವರು ಅಲ್ಲಿ ಮತ್ತೆ ಮತ್ತೆ ಸೇರುತ್ತಾರೆ. ಆಣೆ ಎಂದರೆ ನೆನಪಾಗುವ ಕ್ಷೇತ್ರದ ಹೆಸರಿನ ಸಂಸ್ಥೆಯೇ ಆಣೆಯೊಂದೇ ಸಾಲದೆಂದು ಕಂಡುಕೊಂಡಿದೆ. ಮನೆಮಂದಿ ಮಾತ್ರ ಶಿಬಿರದಿಂದ ಬಂದವನ ಕೈಗೆ ಹೂವು ಕೊಟ್ಟು ಫೋಟೊ ತೆಗೆಸಿ, ವಾಸಿಯಾಯಿತೆಂದು ತಿಳಿದು ಸುಮ್ಮನಾಗುತ್ತಾರೆ.

‘ನಮ್ಮ ಚಿಕ್ಕಪ್ಪ ಒಂದೇ ದಿನದಲ್ಲಿ ಬಿಟ್ಟರು, ಯಾವ ಸಭೆಗೂ ಹೋಗಲಿಲ್ಲ’ ಎಂಬ ಉದಾಹರಣೆ ಪ್ರತಿ ಮನೆತನದಲ್ಲೂ ಒಂದಿರುತ್ತದೆ. ಹಾಗೆ ಬಿಟ್ಟವರು ಇದ್ದಾರೆ, ಕಡಿಮೆಯೇನೂ ಅಲ್ಲ. ವ್ಯಸನದ ತೀವ್ರತೆ ಎಲ್ಲರಲ್ಲೂ ಒಂದೇ ಅಳತೆಯದಲ್ಲ. ಚಿಕ್ಕಪ್ಪನ ಗೆಲುವನ್ನು ಗೌರವಿಸೋಣ. ಅದನ್ನು ಹಿಡಿದು ಬೆಳಿಗ್ಗೆ ಎದ್ದೊಡನೆ ನಡುಗುವ ಕೈಯಿಂದ ಟೆಟ್ರಾ ಪ್ಯಾಕ್ ಹರಿಯುವವನಿಗೆ ಹೊಡೆಯುವುದು ಕ್ರೌರ್ಯ.

ಪಾನನಿಷೇಧವೊಂದೇ ಮದ್ದೆನ್ನುವವರ ನೋವು ನಿಜವಾದದ್ದು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಣ್ಣುಮಕ್ಕಳು ನಡೆದುಬಂದದ್ದು ಆ ನೋವಿನಿಂದಲೇ. ಅವರ ಬೇಡಿಕೆಯನ್ನು ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಅದನ್ನು ಕುಡಿಯುತ್ತಿದ್ದವರ ಕಾಯಿಲೆ ಆ ದಿನ ನಿಲ್ಲಲಿಲ್ಲ. ಅವರು ಅಗ್ಗದ ವಿಸ್ಕಿ, ರಮ್ಮಿನ ಕಡೆ ಹೊರಳಿದರು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. ಸರ್ಕಾರದ್ದೇ ಎಂಎಸ್‌ಐಎಲ್ ಮದ್ಯದಂಗಡಿಗಳಿವೆ. ಇಷ್ಟು ಗಳಿಸುವ ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಿರಮಣ ಚಿಕಿತ್ಸೆಗೆ ನಾಲ್ಕು ಹಾಸಿಗೆ ಇಡಬೇಕು, ಸಂಜೆ ಖಾಲಿ ಬೀಳುವ ಶಾಲಾ ಕೋಣೆಗಳನ್ನು ಇಂಥ ಗುಂಪುಗಳಿಗೆ ಬಾಡಿಗೆಗೆ ಬಿಡಬೇಕು, ಪ್ರತಿ ಮದ್ಯದಂಗಡಿಯ ಗೋಡೆಯ ಮೇಲೆ ಆ ಊರಿನ ಸಭೆಯ ಜಾಗ, ವಾರ, ಹೊತ್ತನ್ನು ಕನ್ನಡದಲ್ಲಿ ಬರೆಸಬೇಕು. ಬಾಟಲಿಯ ಮೇಲೆ ಇರುವೆಯಷ್ಟು ಅಕ್ಷರದಲ್ಲಿ ‘ಆರೋಗ್ಯಕ್ಕೆ ಹಾನಿಕರ’ ಎಂದು ಅಚ್ಚು ಹಾಕಿಸಿದರೆ ಹೊಣೆ ತೀರುವುದಿಲ್ಲ.

ಸರ್ಕಾರ ಏಳುವವರೆಗೆ ಕಾಯಬೇಕಾದ್ದಿಲ್ಲ. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸುವ ಮುನ್ನ ವೈದ್ಯರನ್ನು ಕಾಣಲಿ. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗವೋ ಬೆಂಗಳೂರಿನವರಿಗೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವೋ ಆಗಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಎಎ ಸಂಘ ತನ್ನ ಸಭೆಗಳ ಪಟ್ಟಿಯನ್ನು ಇಟ್ಟಿದೆ. ಫೋನ್ ಮಾಡಿದರೆ ಎತ್ತುವವರು ಕುಡಿತ ಬಿಟ್ಟ ಸದಸ್ಯರೇ. ಜಾಗಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಒಮ್ಮೆ ಕೇಳಿಕೊಳ್ಳಿ. ಸಭೆ ಕನ್ನಡದ್ದೋ ಅಲ್ಲವೋ ಕೇಳಿ. ‘ಓಪನ್’ ಸಭೆಯಾದರೆ ಮನೆಯವರೂ ಒಳಗೆ ಕೂರಬಹುದು, ‘ಕ್ಲೋಸ್ಡ್’ ಆದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮೊದಲ ದಿನ ಯಾರಾದರೊಬ್ಬರು ಬಾಗಿಲವರೆಗೆ ಜೊತೆಗೆ ಹೋಗಿ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ಎರಡು ಗುಂಪುಗಳು ಒಂದೇ ತರಹ ಇರುವುದಿಲ್ಲ. ಮೊದಲ ತಿಂಗಳುಗಳಲ್ಲಿ 90 ದಿನಕ್ಕೆ 90 ಸಭೆ ಎಂದು ಹಳೆಯ ಸದಸ್ಯರು ಹೇಳುವುದುಂಟು.

ಕುಡಿಯುವವನು ಬರಲೊಪ್ಪದಿದ್ದರೆ? ಬಿಲ್ ವಿಲ್ಸನ್‌ನ ಹೆಂಡತಿ ಲೋಯಿಸ್ 1951ರಲ್ಲಿ ಕಟ್ಟಿದ ಅಲ್-ಅನಾನ್ ಎಂಬ ಗುಂಪು ಕುಡಿಯುವವರ ಹೆಂಡತಿ, ಗಂಡ, ತಾಯಿ, ಮಕ್ಕಳಿಗಾಗಿಯೇ ಇದೆ. ಭಾರತದಲ್ಲೂ ಅದರ ಸಭೆಗಳಿವೆ. ಅಲ್ಲಿಗೆ ಹೋಗಲು ಅವನು ಕುಡಿತ ಬಿಟ್ಟಿರಬೇಕೆಂದಿಲ್ಲ, ಅವನ ಒಪ್ಪಿಗೆಯೂ ಬೇಕಿಲ್ಲ.